ಗಡ್ಡದ ಐರಿಸ್ ಹೂಗಳ ವರ್ಗೀಕರಣ

ಹೂವನ್ನು ಕಂಡು ಸಂತೋಷಪಡುವುದು ಎಲ್ಲರಿಗೂ ಸಹಜ; ಅದನ್ನು ಬಗೆಬಗೆಯಾಗಿ ವಿಂಗಡಿಸುವುದು ಮಾತ್ರ ಶಾಸ್ತ್ರಜ್ಞರ ಕೆಲಸವೆಂದು ನಾನು ತಿಳಿದಿದ್ದೆ. ಆದರೆ ಯೋಚಿಸಿ ನೋಡಿದರೆ ನಮ್ಮ ತಂದೆಯವರೂ ಇದನ್ನೇ ಮಾಡುತ್ತ ಬಂದಿದ್ದಾರೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಯಾರಾದರೂ ಹೊಸ ರಾಗಿಯ ಬೀಜ ಕೊಟ್ಟರೆ, "ಪೈರು ಎಷ್ಟೆತ್ತರ ಬರುತ್ತೆ? ಎಷ್ಟು ತಿಂಗಳಿಗೆ ಕೊಯ್ಲಿಗೆ ಬರುತ್ತೆ?" ಎಂದು ಎರಡು ಪ್ರಶ್ನೆ ಕೇಳದೆ ಬಿಡರು. ಐರಿಸ್ ಹೂಗಳ ವರ್ಗೀಕರಣವನ್ನು ಓದುವಾಗ ನನಗೆ ಇದೇ ಎರಡು ಪ್ರಶ್ನೆಗಳು ಎದುರಾದವು. ಮೊದಲನೆಯದೊಂದೇ ಏಕೆ ಸಾಲದು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಐರಿಸ್ ಎಂಬುದು ಗ್ರೀಕರ ಕಾಮನಬಿಲ್ಲಿನ ದೇವತೆಯ ಹೆಸರು. ಈ ಹೂವಿನಲ್ಲಿ ಮೂರು ದಳಗಳು ಮೇಲಕ್ಕೆ ನಿಂತಿರುತ್ತವೆ, ಮೂರು ಕೆಳಕ್ಕೆ ಬಾಗಿರುತ್ತವೆ. ಬಾಗಿದ ದಳಗಳ ಮೇಲೆ ರೋಮಗಳ ಸಾಲಿದ್ದರೆ ಅದು ಗಡ್ಡದ ಐರಿಸ್. ಚಳಿಗಾಲದ ಶೀತವನ್ನು ಬಯಸುವ ಗಿಡವಾದ್ದರಿಂದ ಯೂರೋಪು, ಅಮೆರಿಕಗಳ ತೋಟಗಳಲ್ಲಿ ಇದಕ್ಕೆ ಹೆಚ್ಚಿನ ಮನ್ನಣೆ. ಕಾಶ್ಮೀರದಲ್ಲಿ ಗೋರಿಗಳ ಮೇಲೆ ನೆಡುವ ಬಿಳಿಯ ಐರಿಸ್ ಕೂಡ ಈ ಗುಂಪಿನದೇ.

1920ರಲ್ಲಿ ಸ್ಥಾಪಿತವಾದ ಅಮೆರಿಕನ್ ಐರಿಸ್ ಸೊಸೈಟಿಯು ಗಡ್ಡದ ಐರಿಸ್‌ಗಳನ್ನು ಆರು ವರ್ಗಗಳಾಗಿ ವಿಂಗಡಿಸುತ್ತದೆ. 8 ಅಂಗುಲದವರೆಗಿನದು ಕಿರುಕುಳ್ಳ ವರ್ಗ; ವಸಂತದಲ್ಲಿ ಎಲ್ಲಕ್ಕೂ ಮೊದಲು ಅರಳುವುದು ಇದೇ. 8ರಿಂದ 16 ಅಂಗುಲದ್ದು ಸಾಮಾನ್ಯ ಕುಳ್ಳ ವರ್ಗ. ಇದರ ಸರದಿ ಎರಡನೆಯದು. 27½ ಅಂಗುಲವನ್ನು ಮೀರಿದ್ದು ಎತ್ತರದ ವರ್ಗ. ಇದು ಕೊನೆಯಲ್ಲಿ ಅರಳುತ್ತದೆ. ಇಲ್ಲಿಯವರೆಗೆ ಅಳತೆಗೋಲೊಂದೇ ಸಾಕು.

ತೊಡಕು ಇರುವುದು ನಡುವೆ. 16ರಿಂದ 27½ ಅಂಗುಲದ ಒಳಗೆ ಮೂರು ವರ್ಗಗಳಿವೆ: ಮಧ್ಯಮ, ಅಂಚಿನ ಮತ್ತು ಕಿರಿಯ ಎತ್ತರದ ಐರಿಸ್. ಎತ್ತರ ಒಂದೇ ಆದರೂ ಮಧ್ಯಮ ವರ್ಗವು ಕುಳ್ಳ ಐರಿಸ್‌ಗಳ ನಂತರ, ಎತ್ತರದವುಗಳಿಗಿಂತ ಮೊದಲು ಅರಳುತ್ತದೆ. ಉಳಿದೆರಡು ಎತ್ತರದ ಐರಿಸ್‌ಗಳ ಜೊತೆಯಲ್ಲೇ ಅರಳುತ್ತವೆ. ಈ ಎರಡರಲ್ಲಿ ಕಿರಿಯ ಎತ್ತರದ್ದನ್ನು ಅದರ ತೆಳು ಕಾಂಡ ಮತ್ತು ಚಿಕ್ಕ ಹೂಗಳಿಂದ ಗುರುತಿಸುತ್ತಾರೆ.

ಅರಳುವ ಕಾಲದಲ್ಲಿ ಹೀಗೆ ವ್ಯತ್ಯಾಸವೇಕೆ? ಉತ್ತರ ವಂಶದಲ್ಲಿದೆ. ಎತ್ತರದ ಐರಿಸ್‌ನಲ್ಲಿ ಸಾಮಾನ್ಯವಾಗಿ 48 ವರ್ಣತಂತುಗಳು. ಪ್ಯೂಮಿಲಾ ಎಂಬ ಕುಳ್ಳ ಜಾತಿಯಲ್ಲಿ 32. ಅಮೆರಿಕದ ಪಾಲ್ ಕುಕ್ ಮತ್ತು ಗೆಡ್ಡೆಸ್ ಡಗ್ಲಸ್ ಇವೆರಡನ್ನೂ ಸಂಕರಗೊಳಿಸಿದರು. ಸಂತಾನಕ್ಕೆ ಎರಡೂ ಕಡೆಯಿಂದ ಅರ್ಧರ್ಧ ಸೇರಿ 40 ವರ್ಣತಂತುಗಳು ಬಂದವು. ಇಂದಿನ ಸಾಮಾನ್ಯ ಕುಳ್ಳ ವರ್ಗದ ಮೂಲ ಇದೇ; 1951ರ 'ಗ್ರೀನ್ ಸ್ಪಾಟ್' ಎಂಬ ಕುಕ್ಕರ ತಳಿ ಇದರಲ್ಲಿ ಪ್ರಸಿದ್ಧ. ಈ ಕುಳ್ಳನ್ನು ಮತ್ತೆ ಎತ್ತರದ ಐರಿಸ್‌ಗೆ ಕೂಡಿಸಿದರೆ 44 ವರ್ಣತಂತುಗಳ ಮಧ್ಯಮ ವರ್ಗ ಹುಟ್ಟುತ್ತದೆ. ಇದು ಎತ್ತರದಲ್ಲೂ ಅರಳುವ ಕಾಲದಲ್ಲೂ ತಂದೆತಾಯಿಗಳ ನಡುವೆ ನಿಲ್ಲುತ್ತದೆ. ಸಾಧಾರಣವಾಗಿ ಬೀಜ ಕಟ್ಟುವುದಿಲ್ಲ. ಅಂಚಿನ ವರ್ಗದವಾದರೋ ಹೆಚ್ಚಾಗಿ ಎತ್ತರದ ಮನೆತನದಲ್ಲೇ ಗಿಡ್ಡಾಗಿ ಹುಟ್ಟಿದವು. ಆದ್ದರಿಂದ ತಮ್ಮ ಬಂಧುಗಳೊಡನೆಯೇ ಅರಳುತ್ತವೆ.

ಮಣ್ಣು, ಗೊಬ್ಬರ, ಹವೆಗಳಿಗನುಸಾರವಾಗಿ ಗಿಡದ ಎತ್ತರ ಅಂಗುಲ ಎರಡಂಗುಲ ಹೆಚ್ಚು ಕಡಿಮೆಯಾಗುವುದುಂಟು. ಊರಿಂದೂರಿಗೆ ಅರಳುವ ದಿನವೂ ಬದಲಾಗುತ್ತದೆ. ಆದರೆ ಯಾವುದರ ನಂತರ ಯಾವುದು ಎಂಬ ಕ್ರಮ ಸುಲಭವಾಗಿ ಕೆಡುವುದಿಲ್ಲ. ಎತ್ತರವು ಗಿಡದ ಆಕಾರವನ್ನು ಹೇಳಿದರೆ, ಕಾಲವು ಅದರ ಕುಲವನ್ನು ಸೂಚಿಸುತ್ತದೆ.

ಇಷ್ಟೆಲ್ಲ ವಿಂಗಡಣೆಯಿಂದ ಪ್ರಯೋಜನವೇನೆಂದು ಕೆಲವು ಮಿತ್ರರು ಕೇಳಬಹುದು. ಪುಷ್ಪಪ್ರದರ್ಶನದಲ್ಲಿ ಪ್ರತಿಯೊಂದು ಹೂವನ್ನೂ ಅದರ ವರ್ಗದ ಲಕ್ಷಣಗಳಿಂದಲೇ ಅಳೆಯುತ್ತಾರೆ. ಸಾಮಾನ್ಯ ಕುಳ್ಳ ವರ್ಗಕ್ಕೆ ಕುಕ್-ಡಗ್ಲಸ್ ಪದಕವೆಂಬ ಪ್ರತ್ಯೇಕ ಗೌರವವೇ ಇದೆ. ಕುಳ್ಳ ಐರಿಸ್ ಎಂದರೆ ಬೆಳೆಯಲಾರದೆ ಹೋದ ಎತ್ತರದ ಐರಿಸ್ ಅಲ್ಲ. ಹಳ್ಳಿಯಿಂದ ಬಂದು ಈ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಕುಳಿತ ಮೊದಲ ವರ್ಷ ನನಗೆ ಇದು ತಿಳಿದಿರಲಿಲ್ಲ. ತಡವಾಗಿ ಅರಳುವುದನ್ನು ಅರಳದೆಂದು ತಿಳಿದು ಕಿತ್ತೆಸೆಯಬಾರದು ಎಂಬುದನ್ನು ನಮ್ಮ ತಂದೆಯವರು ಮಾತ್ರ ಬಲ್ಲವರಾಗಿದ್ದರು.