ಪರದೇಶದಲ್ಲಿ ದಾದಿಯ ವೃತ್ತಿ: ಹೊರಡುವ ಮುನ್ನ ತಿಳಿಯತಕ್ಕ ವಿಚಾರಗಳು

ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ದಾದಿಯರ ವೃತ್ತಿಯನ್ನು ಹಿಡಿದವರು ಮೊದಲಿನಿಂದಲೂ ಉಂಟು. ಇತ್ತೀಚೆಗೆ ಅವರಲ್ಲಿ ಅನೇಕರ ದೃಷ್ಟಿಯು ಇಂಗ್ಲೆಂಡ್, ಜರ್ಮನಿ, ಅಮೆರಿಕ ಮತ್ತು ಅರಬ್ಬೀ ದೇಶಗಳ ಕಡೆಗೆ ತಿರುಗಿದೆ. ಹೊನ್ನಾಳಿ, ನ್ಯಾಮತಿ ಸೀಮೆಯ ಗೋವಿನಕೋವಿಯಂಥ ಹಳ್ಳಿಗಳಿಂದ ಮಗಳನ್ನು ದಾವಣಗೆರೆಗೋ ಶಿವಮೊಗ್ಗೆಗೋ ಕಳುಹಿಸಿ ನರ್ಸಿಂಗ್ ಓದಿಸಿದ ತಂದೆತಾಯಿಗಳು ಮುಂದಿನ ಹೆಜ್ಜೆಯನ್ನು ಕುರಿತು ಎರಡು ಪ್ರಶ್ನೆಗಳನ್ನು ಕೇಳುವುದುಂಟು: ಯಾವ ದೇಶದಲ್ಲಿ ಸಂಬಳ ಹೆಚ್ಚು? ಏಜೆಂಟನಿಗೆ ಎಷ್ಟು ಹಣ ಕೊಡಬೇಕು? ಇವೆರಡಕ್ಕೂ ಮೊದಲು ಕೇಳತಕ್ಕ ಪ್ರಶ್ನೆ ಇನ್ನೊಂದಿದೆ. ಆ ದೇಶದಲ್ಲಿ ದಾದಿಯಾಗಿ ಕೆಲಸಮಾಡಲು ಅಧಿಕಾರ ಕೊಡುವವರು ಯಾರು, ಆ ಅಧಿಕಾರವನ್ನು ಪಡೆಯುವ ಕ್ರಮವೇನು? ಈ ಪ್ರಶ್ನೆಯನ್ನು ಮೊದಲು ಕೇಳಿದ ಮನೆಯು ಗದ್ದೆಯನ್ನು ಅಡವಿಡುವ ಪ್ರಸಂಗವು ಬಹುಮಟ್ಟಿಗೆ ಬಾರದು. ಆದುದರಿಂದ ಈ ಲೇಖನದಲ್ಲಿ ಅದನ್ನೇ ವಿಚಾರ ಮಾಡುವೆವು.

ಕುಶಲತೆ ಬೇರೆ, ಅಧಿಕಾರಪತ್ರ ಬೇರೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರ ಹೆಸರನ್ನು ಕೇಳದವರು ನಮ್ಮಲ್ಲಿ ಕಡಿಮೆ. ಶಾಲೆಯ ಮೆಟ್ಟಲು ಹತ್ತದ ಆ ತಾಯಿಯು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧಿ. ತುಮಕೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನೂ, 2018ರಲ್ಲಿ ಭಾರತ ಸರಕಾರವು ಪದ್ಮಶ್ರೀ ಪ್ರಶಸ್ತಿಯನ್ನೂ ಕೊಟ್ಟುವು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಕೈಗುಣಕ್ಕೆ ಸುತ್ತಲಿನ ಊರುಗಳೇ ಸಾಕ್ಷಿ. ಬೇರೆ ಪತ್ರವು ಬೇಕಾಗಿರಲಿಲ್ಲ. ತಾಯಿಗೆ ಹೆರಿಗೆ ಮಾಡಿಸಿದವರೇ ಮಗಳಿಗೂ ಮಾಡಿಸುವ ಕಡೆಯಲ್ಲಿ ನಂಬಿಕೆಯು ಕಣ್ಣಿನಿಂದ ಕಂಡು ಹುಟ್ಟಿದ್ದು. ಆದರೆ ದೂರದ ಪಟ್ಟಣದ ಆಸ್ಪತ್ರೆಯಲ್ಲಿ ಮಲಗಿರುವ ರೋಗಿಯು ತನಗೆ ಔಷಧ ಕೊಡಲು ಬಂದವಳು ಎಲ್ಲಿಯವಳು, ಏನು ಕಲಿತವಳು ಎಂಬುದನ್ನು ಹೇಗೆ ತಿಳಿಯಬೇಕು? ಅವನ ಪರವಾಗಿ ಮತ್ತೊಬ್ಬರು ಅದನ್ನು ವಿಚಾರಿಸಿರಬೇಕು. ಹಾಗೆ ವಿಚಾರಿಸಿ ಹೆಸರು ಬರೆದಿಟ್ಟುಕೊಂಡ ಪುಸ್ತಕಕ್ಕೇ ರಿಜಿಸ್ಟರು ಎಂದು ಹೆಸರು.

ವೇದಪಾಠದಲ್ಲಿ ಫೊಯಿಬೆಯ ಪ್ರಸಂಗವನ್ನು ಓದಿದವರಿಗೆ ಇದು ಹೊಸದಾಗಿ ತೋರಲಾರದು. ಕೆಂಖ್ರೆಯ ಸಭೆಯ ಸೇವಕಿಯಾದ ಆಕೆಯು ಸಮುದ್ರದಾಚೆಯ ರೋಮ್ ಪಟ್ಟಣಕ್ಕೆ ಹೋಗುವಾಗ, ಆಕೆಯನ್ನು ಅಂಗೀಕರಿಸಿ ಸಹಾಯಮಾಡಿರೆಂದು ಪೌಲನು ತನ್ನ ಪತ್ರದ ಕಡೆಯ ಅಧ್ಯಾಯದಲ್ಲಿ ಬರೆದನು. ಬರೆದವನನ್ನು ಬಲ್ಲವರು ಅಲ್ಲಿದ್ದುದರಿಂದ ಆ ಮಾತು ಸಾಕಾಯಿತು. ಇಂದಿನ ದೇಶಗಳು ಅಷ್ಟರಿಂದಲೇ ತೃಪ್ತವಾಗುವುದಿಲ್ಲ. ದಾದಿಯರ ಹೆಸರುಗಳನ್ನು ಕಾನೂನಿನ ಮೂಲಕ ದೇಶಕ್ಕೆಲ್ಲ ಒಂದೇ ಪಟ್ಟಿಯಲ್ಲಿ ಬರೆಯುವ ಪದ್ಧತಿಯನ್ನು 1901ರಲ್ಲಿ ಮೊದಲು ಹಾಕಿದ್ದು ನ್ಯೂಜಿಲೆಂಡ್. ಇಂಗ್ಲೆಂಡಿನಲ್ಲಿ ಆ ಕಾನೂನು ಆದದ್ದು 1919ರಲ್ಲಿ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1906ರಲ್ಲಿ ತೆರೆದಾಗ ಇಂಗ್ಲೆಂಡಿನ ದಾದಿಯರಿಗೂ ಸರಕಾರದ ಪಟ್ಟಿ ಇರಲಿಲ್ಲವೆಂಬುದನ್ನು ನೆನೆಯಬಹುದು. ನಮ್ಮ ದೇಶದಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲಿನ ಕಾಯಿದೆಯು 1947ರದು. ನಮ್ಮ ರಾಜ್ಯದ ನರ್ಸಿಂಗ್ ಕೌನ್ಸಿಲಿಗೆ ಆಧಾರವಾದ ಕಾಯಿದೆಯು 1961ರದು. ಹಳೆಯ ವ್ಯವಸ್ಥೆಗೆ ಬದಲಾಗಿ ರಾಷ್ಟ್ರೀಯ ಆಯೋಗವೊಂದನ್ನು ರಚಿಸುವ ಕಾಯಿದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು.

ಒಂದು ದೇಶದ ಪಟ್ಟಿಯು ಇನ್ನೊಂದು ದೇಶವನ್ನು ಕಟ್ಟುವುದಿಲ್ಲ ಎಂಬುದು ಇಲ್ಲಿಯ ಮುಖ್ಯ ಪಾಠ. ವೈದ್ಯರ ಚರಿತ್ರೆಯು ಇದನ್ನು ಚೆನ್ನಾಗಿ ಕಲಿಸುತ್ತದೆ. ಭಾರತದ ವೈದ್ಯ ಪದವಿಗಳಿಗೆ ಇದ್ದ ಮನ್ನಣೆಯನ್ನು ಬ್ರಿಟನ್ನಿನ ವೈದ್ಯ ಪರಿಷತ್ತು 1930ರಲ್ಲಿ ನಿಲ್ಲಿಸಿತು. ಇಲ್ಲಿ 1933ರಲ್ಲಿ ಭಾರತೀಯ ವೈದ್ಯ ಪರಿಷತ್ತಿನ ಕಾಯಿದೆಯಾಗಿ, 1936ರಲ್ಲಿ ಆ ಮನ್ನಣೆ ಮರಳಿ ಬಂತು. 1975ರಲ್ಲಿ ಅದು ಮತ್ತೆ ಹೋಗಿ, ನಮ್ಮ ವೈದ್ಯರು ಅಲ್ಲಿ ಬೇರೆ ಪರೀಕ್ಷೆಗೆ ಕೂರಬೇಕಾಯಿತು. ಒಂದೇ ಕಾಲೇಜಿನಲ್ಲಿ ಓದಿದವರಲ್ಲಿ 1974ರಲ್ಲಿ ಹೋದವನಿಗೆ ಇಲ್ಲದ ಪರೀಕ್ಷೆಯು ಎರಡು ವರ್ಷ ತಡೆದು ಹೋದವನಿಗೆ ಒದಗಿತು. ಅವರ ಕುಶಲತೆಯಲ್ಲಿ ಭೇದವೇನೂ ಇರಲಿಲ್ಲ. ಆದುದರಿಂದ ಪರದೇಶದವರು ಮತ್ತೆ ಪರೀಕ್ಷೆ ಮಾಡುವರೆಂದರೆ ನಮ್ಮ ಹೆಣ್ಣುಮಕ್ಕಳು ಅಪಮಾನವೆಂದು ತಿಳಿಯಬಾರದು. ಅಧಿಕಾರಪತ್ರವು ದಾದಿಯ ಸ್ವತ್ತಲ್ಲ. ರೋಗಿಗಳ ರಕ್ಷಣೆಗಾಗಿ ಆಯಾ ದೇಶವು ಇಟ್ಟುಕೊಂಡ ಕಾವಲು. ಅದು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋಗುವ ವಸ್ತುವಲ್ಲ, ಹೋದಲ್ಲಿ ಮರಳಿ ಗಳಿಸತಕ್ಕ ವಸ್ತು.

ಇನ್ನು ಗಳಿಸುವ ಕ್ರಮವನ್ನು ನೋಡೋಣ. ಅದರ ಮೊದಲ ಮೆಟ್ಟಲು ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿಯೇ ಇದೆ. ನಮ್ಮ ಕಡೆಯಲ್ಲಿ ಹೆಸರಿನ ಮುಂದೆ ಊರಿನ ಮೊದಲಕ್ಷರವನ್ನೂ ತಂದೆಯ ಹೆಸರಿನ ಮೊದಲಕ್ಷರವನ್ನೂ ಇಡುವುದು ರೂಢಿ. ಗೋವಿನಕೋವಿಯ ಹುಡುಗಿಯ ಹೆಸರಿನ ಮುಂದೆ ‘ಜಿ.’ ಎಂಬ ಅಕ್ಷರವು ನಿಂತರೆ ಇಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ಪರದೇಶದ ಪರಿಷತ್ತಿಗೆ ಅದು ಅರ್ಥವಾಗುವುದಿಲ್ಲ. ಎಸ್‌.ಎಸ್‌.ಎಲ್‌.ಸಿ. ಅಂಕಪಟ್ಟಿಯಲ್ಲಿ ‘ಜಿ.’, ಪಾಸ್‌ಪೋರ್ಟಿನಲ್ಲಿ ಊರಿನ ಪೂರ್ಣ ಹೆಸರು, ಮದುವೆಯಾದ ಮೇಲೆ ಕೌನ್ಸಿಲಿನ ಪತ್ರದಲ್ಲಿ ಗಂಡನ ಹೆಸರು, ಹೀಗೆ ಬೇರೆಬೇರೆಯಾಗಿದ್ದರೆ ಮೂವರು ಸ್ತ್ರೀಯರ ಕಾಗದಗಳೆಂದು ಅವರು ಸಂಶಯಪಡುವರು. ಹುಟ್ಟಿದ ತಾರೀಖಿಗೂ ಇದೇ ಮಾತು. ಆದುದರಿಂದ ತಂದೆತಾಯಿಗಳು ಮಗಳು ಪ್ರೌಢಶಾಲೆಯಲ್ಲಿ ಇರುವಾಗಲೇ ಹೆಸರನ್ನೂ ತಾರೀಖನ್ನೂ ಪರೀಕ್ಷಿಸಿ, ತಪ್ಪಿದ್ದರೆ ಅಂಕಪಟ್ಟಿ ಅಚ್ಚಾಗುವ ಮೊದಲೇ ತಿದ್ದಿಸತಕ್ಕದ್ದು. ಇದು ಆಗಲೇ ಮಾಡತಕ್ಕ ಕೆಲಸ. ಮುಂದೆ ತಿಂಗಳುಗಟ್ಟಲೆ ಅಲೆದಾಟ ಉಳಿಯುತ್ತದೆ.

ಎರಡನೆಯದು ಕಾಲೇಜಿನ ಆಯ್ಕೆ. ಹೊರದೇಶದ ಪರಿಷತ್ತುಗಳು ದಾದಿಯು ಕೈಯಲ್ಲಿ ತಂದುಕೊಟ್ಟ ಪತ್ರವೊಂದನ್ನೇ ನಂಬುವುದಿಲ್ಲ. ಈಕೆಯ ಹೆಸರು ನಿಮ್ಮ ಪಟ್ಟಿಯಲ್ಲಿ ಇದೆಯೆ, ಈಕೆಯ ಮೇಲೆ ದೂರುಗಳುಂಟೆ ಎಂದು ಇಲ್ಲಿಯ ಕೌನ್ಸಿಲಿನಿಂದ ನೇರವಾಗಿ ತಿಳಿಯುವರು. ಅರಬ್ಬೀ ದೇಶಗಳಲ್ಲಿ ಓದಿದ ಕಾಲೇಜಿಗೂ ಕೆಲಸಮಾಡಿದ ಆಸ್ಪತ್ರೆಗೂ ಬರೆದು ವಿಚಾರಿಸುವ ಪದ್ಧತಿ ಇದೆ. ಕಾಲೇಜು ಮುಚ್ಚಿಹೋಗಿದ್ದರೆ, ಅಥವಾ ದಾಖಲೆಗಳನ್ನು ಸರಿಯಾಗಿ ಇಡದಿದ್ದರೆ, ಕಷ್ಟವು ದಾದಿಯ ಪಾಲಿಗೆ ಬರುತ್ತದೆ. ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಧಿಕಾರವು ಭಾರತೀಯ ಕೌನ್ಸಿಲಿನದೋ ರಾಜ್ಯದ್ದೋ ಎಂಬ ವಿವಾದವು 2017ರಲ್ಲಿ ಕರ್ನಾಟಕದಲ್ಲಿ ಎದ್ದಾಗ, ಆ ಕೌನ್ಸಿಲಿನ ಪಟ್ಟಿಯಲ್ಲಿ ನಮ್ಮ ರಾಜ್ಯದ ಕಾಲೇಜುಗಳ ಹೆಸರು ಕಾಣದೆಹೋಗಿ ಸಾವಿರಾರು ವಿದ್ಯಾರ್ಥಿನಿಯರು ಕಳವಳಪಟ್ಟರು. ದೊಡ್ಡ ಕಟ್ಟಡವನ್ನೂ ಬಣ್ಣದ ಪ್ರಕಟಣೆಯನ್ನೂ ನೋಡಿ ಕಾಲೇಜಿಗೆ ಸೇರಿಸಬಾರದು. ಮಾನ್ಯತೆ, ಕಲಿಕೆಗಾಗಿ ರೋಗಿಗಳಿರುವ ಆಸ್ಪತ್ರೆ, ದಾಖಲೆಗಳ ಅಚ್ಚುಕಟ್ಟು, ಈ ಮೂರನ್ನು ವಿಚಾರಿಸಬೇಕು. ಓದು ಮುಗಿದ ಕೂಡಲೆ ರಾಜ್ಯದ ಕೌನ್ಸಿಲಿನಲ್ಲಿ ಹೆಸರು ಬರೆಯಿಸಿ, ಕಾಲಕಾಲಕ್ಕೆ ಅದನ್ನು ನವೀಕರಿಸಿ, ಒಳ್ಳೆಯ ಆಸ್ಪತ್ರೆಯಲ್ಲಿ ಒಂದೆರಡು ವರ್ಷ ಅನುಭವ ಪಡೆಯುವುದು ಲೇಸು.

ಮೂರನೆಯದು ಭಾಷೆ. ಇಂಗ್ಲೆಂಡಿನ ನರ್ಸಿಂಗ್ ಪರಿಷತ್ತು ಒಪ್ಪುವ ಭಾಷಾಪರೀಕ್ಷೆಗಳು ಎರಡು. ಐ.ಇ.ಎಲ್‌.ಟಿ.ಎಸ್‌. ಪರೀಕ್ಷೆಯಾದರೆ ಕೇಳುವುದು, ಓದುವುದು, ಮಾತನಾಡುವುದು ಈ ಮೂರರಲ್ಲಿ ಏಳೇಳು, ಬರೆಯುವುದರಲ್ಲಿ ಆರೂವರೆ ಅಂಕ ಬೇಕು. ಓ.ಇ.ಟಿ. ಎಂಬುದು ಆರೋಗ್ಯದ ವೃತ್ತಿಯವರಿಗಾಗಿಯೇ ಏರ್ಪಟ್ಟದ್ದು. ಅದರಲ್ಲಿ ರೋಗಿಯ ಪಾತ್ರ ವಹಿಸಿದವರೊಡನೆ ಮಾತನಾಡಿಸಿ, ರೋಗಿಯ ವಿಷಯವಾಗಿ ಪತ್ರ ಬರೆಯಿಸಿ ನೋಡುವರು. ಜರ್ಮನಿಯಲ್ಲಿ ಆರು ಮೆಟ್ಟಲುಗಳ ಪೈಕಿ ನಾಲ್ಕನೆಯದಾದ ಬಿ2 ವರೆಗಿನ ಜರ್ಮನ್ ಭಾಷೆಯು ಸಾಮಾನ್ಯವಾಗಿ ಬೇಕಾಗುತ್ತದೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಅದನ್ನು ಕಲಿಯಬಹುದು. ಕನ್ನಡದಲ್ಲಿ ಓದಿ ಬಂದವರು ಇದರಿಂದ ಎದೆಗುಂದಬಾರದು. ಮಾತೃಭಾಷೆಯಲ್ಲಿ ನಾಲ್ಕು ಸಾಲನ್ನು ಸ್ಪಷ್ಟವಾಗಿ ಬರೆಯಬಲ್ಲವಳಿಗೆ ಎರಡನೆಯ ಭಾಷೆಯಲ್ಲಿ ಬರೆಯುವುದು ಅಭ್ಯಾಸದ ಮಾತು. ವೈದ್ಯರು ಹೇಳಿದ ಪ್ರಮಾಣವನ್ನು ಒಮ್ಮೆ ತಪ್ಪಾಗಿ ಕೇಳಿಸಿಕೊಂಡರೆ ರೋಗಿಯ ಪ್ರಾಣಕ್ಕೇ ಅಪಾಯವಿರುವುದರಿಂದ ಈ ಕಟ್ಟುನಿಟ್ಟು ನ್ಯಾಯವಾದದ್ದೇ.

ನಾಲ್ಕನೆಯದು ವೃತ್ತಿಯ ಪರೀಕ್ಷೆ. ಇದು ದೇಶದೇಶಕ್ಕೆ ಬೇರೆ. ಇಂಗ್ಲೆಂಡಿನದು ಎರಡು ಭಾಗ: ಗಣಕಯಂತ್ರದ ಮುಂದೆ ಕುಳಿತು ಬರೆಯುವ ಭಾಗವನ್ನು ಇಲ್ಲಿಯೇ ಮುಗಿಸಬಹುದು, ಓಸ್ಕಿ ಎಂಬ ಕೈಕೆಲಸದ ಭಾಗವನ್ನು ಅಲ್ಲಿಗೆ ಹೋದಮೇಲೆ ಕೊಡಬೇಕು. ಅದರಲ್ಲಿ ತೇರ್ಗಡೆಯಾಗಿ ಹೆಸರು ಪಟ್ಟಿಗೆ ಏರುವ ತನಕ ಕೆಳಗಿನ ದರ್ಜೆಯ ಸಂಬಳವೇ ದೊರೆಯುವುದು ರೂಢಿ. ಅಮೆರಿಕದಲ್ಲಿ ಎನ್‌ಕ್ಲೆಕ್ಸ್ ಎಂಬ ಪರೀಕ್ಷೆ. ಅದನ್ನು ಬೆಂಗಳೂರಿನಲ್ಲಿಯೇ ಬರೆಯಬಹುದು, ಆದರೆ ವೀಸಾಕ್ಕಾಗಿ ಭಾರತೀಯರು ಹಲವು ವರ್ಷ ಕಾಯಬೇಕಾಗುತ್ತದೆ. ಜರ್ಮನಿಯಲ್ಲಿ ಆಯಾ ಪ್ರಾಂತದ ಅಧಿಕಾರಿಗಳು ನಮ್ಮ ಪಾಠಕ್ರಮವನ್ನು ತಮ್ಮದರೊಡನೆ ಹೋಲಿಸಿ, ಕೊರತೆ ಕಂಡರೆ ಪೂರಕ ತರಬೇತಿಯನ್ನೋ ಪರೀಕ್ಷೆಯನ್ನೋ ವಿಧಿಸುವರು. ಹೋಲಿಸಲು ಪಾಠಕ್ರಮದ ವಿವರವೂ ಗಂಟೆಗಳ ಲೆಕ್ಕವೂ ಬೇಕು. ಕಾಲೇಜನ್ನು ಬಿಡುವಾಗಲೇ ಅವನ್ನು ಪಡೆದು ಜೋಪಾನವಾಗಿ ಇಡತಕ್ಕದ್ದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ವೃದ್ಧರನ್ನು ಮನೆಯಲ್ಲಿಯೋ ಆಶ್ರಮದಲ್ಲಿಯೋ ನೋಡಿಕೊಳ್ಳುವ ಕೆಲಸ ಬೇರೆ, ದಾದಿಯ ಉದ್ಯೋಗ ಬೇರೆ. ಮೊದಲನೆಯದು ಗೌರವದ ಕೆಲಸವೇ. ಆದರೆ ಅದಕ್ಕೆ ಪಟ್ಟಿಯಲ್ಲಿ ಹೆಸರು ಬೇಕಿಲ್ಲ, ಅದರಿಂದ ಪಟ್ಟಿಗೆ ಹೆಸರು ಏರುವುದೂ ಇಲ್ಲ. “ಮೊದಲು ಹೇಗಾದರೂ ಹೋಗಿ ಸೇರಿಕೊ, ಆಮೇಲೆ ನರ್ಸ್ ಆಗುವೆಯಂತೆ” ಎಂಬ ಮಾತನ್ನು ನಂಬಿ ಹೋದವಳ ಕೈ ವರ್ಷಗಳು ಕಳೆದಂತೆ ಅಭ್ಯಾಸ ತಪ್ಪುತ್ತದೆ. ಅಂಥ ಆರೈಕೆಯ ಕೆಲಸಕ್ಕೆ ಹೊರದೇಶಗಳಿಂದ ಹೊಸಬರನ್ನು ಕರೆಸುವುದನ್ನು ಬ್ರಿಟನ್ 2025ರ ಜುಲೈಯಲ್ಲಿ ನಿಲ್ಲಿಸಿತು. ಕರಾರುಪತ್ರದಲ್ಲಿ ಉದ್ಯೋಗದ ಹೆಸರು ಏನೆಂದು ಬರೆದಿದೆ ಎಂಬುದನ್ನು ಓದಿಯೇ ರುಜು ಹಾಕಬೇಕು.

ಐದನೆಯದು ಹಣ. ನಮ್ಮ ದೇಶದ 1983ರ ವಲಸೆ ಕಾಯಿದೆಯಂತೆ ಹೊರದೇಶದ ಕೆಲಸಕ್ಕೆ ಜನರನ್ನು ಕಳುಹಿಸುವ ಏಜೆಂಟನು ಸರಕಾರದಲ್ಲಿ ನೋಂದಾಯಿತನಾಗಿರಬೇಕು. ಅವನು ಸೇವೆಗಾಗಿ ಪಡೆಯಬಹುದಾದ ಹಣಕ್ಕೆ ಮೂವತ್ತು ಸಾವಿರ ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಎಂಬ ಮಿತಿಯನ್ನು ನಿಯಮಗಳು ಹಾಕಿವೆ. ಇಂಗ್ಲೆಂಡಿನ ನಿಯಮವು ಇನ್ನೂ ಬಿಗಿಯಾದದ್ದು: ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರಳಿಂದ ಶುಲ್ಕ ತೆಗೆದುಕೊಳ್ಳಕೂಡದು, ಆ ವೆಚ್ಚವು ಕೆಲಸ ಕೊಡುವವರದು. ಕುವೈತಿಗೆ ಕಳುಹಿಸುವುದಾಗಿ ಹೇಳಿ ಒಬ್ಬೊಬ್ಬ ದಾದಿಯಿಂದ ಹತ್ತೊಂಬತ್ತು ಲಕ್ಷಕ್ಕೂ ಮೇಲೆ ಪಡೆದ ಪ್ರಕರಣವು 2015ರಲ್ಲಿ ಕೇರಳದಲ್ಲಿ ಬಯಲಾಯಿತು. ಆಗ ಪಡೆಯಬಹುದಾಗಿದ್ದ ಹಣ ಇಪ್ಪತ್ತು ಸಾವಿರದ ಒಳಗೆ. ಅದೇ ವರ್ಷ ಕೇಂದ್ರ ಸರಕಾರವು ಕುವೈತ್, ಸೌದಿ ಅರೇಬಿಯಾ ಮೊದಲಾದ ಹದಿನೆಂಟು ದೇಶಗಳಿಗೆ ದಾದಿಯರನ್ನು ಸರಕಾರದ ಸಂಸ್ಥೆಗಳ ಮೂಲಕವೇ ಕಳುಹಿಸಬೇಕೆಂದು ಆಜ್ಞೆ ಮಾಡಿತು. ನಮ್ಮ ರಾಜ್ಯದಲ್ಲಿ ಕೌಶಲ್ಯಾಭಿವೃದ್ಧಿ ನಿಗಮದ ಆಶ್ರಯದಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವು ಏರ್ಪಟ್ಟಿದೆ. ಏಜೆಂಟನ ಬಾಗಿಲಿಗಿಂತ ಮೊದಲು ಅಲ್ಲಿ ವಿಚಾರಿಸುವುದು ಜಾಣತನ.

ಆದುದರಿಂದ ತಂದೆತಾಯಿಗಳಿಗೆ ನಮ್ಮ ಬಿನ್ನಹವಿಷ್ಟು. ತುಂಗಭದ್ರೆಯ ನೀರಿನಿಂದ ಬೆಳೆದ ಗದ್ದೆಯನ್ನೋ, ವರ್ಷಗಟ್ಟಲೆ ಕಾದು ಫಲಕ್ಕೆ ತಂದ ಅಡಿಕೆ ತೋಟವನ್ನೋ ಏಜೆಂಟನ ಮಾತಿನ ಮೇಲೆ ಅಡವಿಡಬೇಡಿರಿ. ಭಾಷೆಯ ಪಾಠಕ್ಕೂ ಪರೀಕ್ಷೆಯ ಶುಲ್ಕಕ್ಕೂ ಖರ್ಚುಮಾಡಿದ ಹಣವು ಮಗಳ ವಿದ್ಯೆಯಾಗಿ ನಿಲ್ಲುತ್ತದೆ. ಅವಳು ಹೊರಡದೆ ಉಳಿದರೂ ಅದು ನಷ್ಟವಲ್ಲ. ಕೆಲಸ ಕೊಡಿಸುವೆನೆಂದವನ ಕೈಗೆ ರಶೀದಿಯಿಲ್ಲದೆ ಕೊಟ್ಟ ಹಣವು ಸಾಲವಾಗಿ ಮಾತ್ರ ಉಳಿಯುತ್ತದೆ. ಸಾಲ ಹೊತ್ತು ಹೋದ ಹುಡುಗಿಯು ಅಲ್ಲಿ ಅನ್ಯಾಯವಾದರೂ ಬಾಯಿಬಿಡಲಾರಳು, ಕೆಲಸ ಬಿಟ್ಟು ಬರಲೂ ಆರಳು.

ನಮ್ಮ ರೋಗಿಗಳನ್ನು ಬಿಟ್ಟು ಪರರ ರೋಗಿಗಳನ್ನು ನೋಡಲು ಹೋಗುವುದು ಸರಿಯೆ ಎಂದು ಕೆಲವರು ಕೇಳುವರು. ಪ್ರಶ್ನೆಯು ಹಗುರವಾದುದಲ್ಲ. ಲೋಕದಲ್ಲಿ ಸುಮಾರು 2 ಕೋಟಿ 79 ಲಕ್ಷ ದಾದಿಯರಿದ್ದು, ಇನ್ನೂ 59 ಲಕ್ಷ ಮಂದಿಯ ಕೊರತೆಯಿದೆಯೆಂದೂ, ಎಂಟು ಮಂದಿ ದಾದಿಯರಲ್ಲಿ ಒಬ್ಬಳು ತಾನು ಹುಟ್ಟಿದ ಅಥವಾ ಕಲಿತ ದೇಶವನ್ನು ಬಿಟ್ಟು ದುಡಿಯುತ್ತಿರುವಳೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿತು. ಬಡದೇಶಗಳ ದಾದಿಯರನ್ನು ಸೆಳೆದು ಆ ದೇಶಗಳನ್ನು ಬರಿದುಮಾಡಬಾರದೆಂಬ ನೀತಿಸಂಹಿತೆಯನ್ನು ಅದೇ ಸಂಸ್ಥೆಯು 2010ರಲ್ಲಿ ಅಂಗೀಕರಿಸಿದೆ. ಹೊರಡುವವಳೊಬ್ಬಳನ್ನೇ ದೂರುವುದು ನ್ಯಾಯವಲ್ಲ. ಹಳ್ಳಿಯ ಆಸ್ಪತ್ರೆಯಲ್ಲಿ ದಾದಿಗೆ ತಕ್ಕ ಸಂಬಳವನ್ನೂ ಇರಲು ಮನೆಯನ್ನೂ ರಾತ್ರಿಯ ಕೆಲಸಕ್ಕೆ ರಕ್ಷಣೆಯನ್ನೂ ಒದಗಿಸುವುದು ಸಮಾಜದ ಕರ್ತವ್ಯ. ಒಂದು ಕಾಲದಲ್ಲಿ ಕಡಲಾಚೆಯ ದಾದಿಯರು ಮೈಸೂರು ಸೀಮೆಗೆ ಬಂದು, ಕನ್ನಡ ಕಲಿತು, ನಮ್ಮ ಅಜ್ಜಿಯರ ಬಾಣಂತನವನ್ನು ನೋಡಿದರು. ಈಗ ನಮ್ಮವರು ಅವರ ಭಾಷೆಯನ್ನು ಕಲಿತು ಅವರ ವೃದ್ಧರನ್ನು ನೋಡಲು ಹೋಗುವುದು ಸೇವೆಯೇ ಸರಿ.

ಹೊರಡುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ, ಹೆಸರು ಒಂದೇ ಆಗಿರಲಿ, ಕಾಗದಗಳು ಕ್ರಮವಾಗಿರಲಿ. ಇಲ್ಲಿಯೇ ಮುಗಿಸಬಹುದಾದ ಪರೀಕ್ಷೆಗಳನ್ನೆಲ್ಲ ಮುಗಿಸಿದ ಮೇಲೆ ಪ್ರಯಾಣದ ಮಾತು ಬರಲಿ. ಮೊದಲು ಹೋದವರು ಹಿಂದೆ ಬರುವವರಿಗೆ ತಾವು ಕಂಡದ್ದನ್ನು ಇದ್ದಹಾಗೆ ಬರೆದು ತಿಳಿಸಿರಿ. ಸಂಬಳದ ಜೊತೆಗೆ ಬಾಡಿಗೆಯನ್ನೂ ಚಳಿಯನ್ನೂ ಒಂಟಿತನವನ್ನೂ ಬರೆಯಿರಿ. ಅಂಥ ಒಂದು ಪತ್ರವು ಗೋವಿನಕೋವಿಯ ಒಂದು ಮನೆಯನ್ನು ಸಾಲದಿಂದ ಉಳಿಸಬಹುದು. ಎಲ್ಲಿ ಯಾರ ಹಾಸಿಗೆಯ ಬಳಿ ನಿಂತರೂ ನಿಮ್ಮ ಕೈಗಳ ಕೆಲಸವನ್ನು ದೇವರು ಆಶೀರ್ವದಿಸಲಿ.