ತಡೆಯುವ ಕೆಲಸ ಹತ್ತಿರದಿಂದಲೇ ಶುರು: ಭಯೋತ್ಪಾದನೆಯ ಅಧ್ಯಯನ ಕಲಿಸಿದ ಆರು ಪಾಠಗಳು

ಹುಲೇಕಲ್ಲಿನಂಥ ಅಡಿಕೆ ತೋಟಗಳ ಊರಿನಲ್ಲಿ ಕೂತು ಭಯೋತ್ಪಾದನೆಯ ಬಗ್ಗೆ ಅಧ್ಯಯನ ಮಾಡುತ್ತೇನೆ ಎಂದರೆ ನಮ್ಮವರಿಗೆ ಈಗಲೂ ಸೋಜಿಗ. ‘ಬಾಂಬು ಗೀಂಬು ಎಲ್ಲ ಪ್ಯಾಟೆ ಬದಿ ಸುದ್ದಿ ಅಲ್ದನಾ ತಮಾ?’ ಎಂದು ಹಿರಿಯರು ಕೇಳುವುದುಂಟು. ಪೇಟೆಯ ಸುದ್ದಿ ಮಾತ್ರ ಅಲ್ಲ. ದೇಶದ ದೊಡ್ಡ ತನಿಖೆಗಳ ಕಡತದಲ್ಲಿ ನಮ್ಮದೇ ಜಿಲ್ಲೆಯ ಭಟ್ಕಳದ ಹೆಸರಿದೆ. ಇದೇ ಘಟ್ಟಸಾಲಿನ ದಕ್ಷಿಣದ ಕಾಡುಗಳಲ್ಲಿ ನಕ್ಸಲರ ಬಂದೂಕು ಎರಡು ದಶಕ ಸದ್ದು ಮಾಡಿದೆ. ಪತ್ರಿಕಾ ವರದಿ, ಆರೋಪಪಟ್ಟಿ, ತೀರ್ಪುಗಳನ್ನು ಓದಿ ಒಂದೊಂದು ಘಟನೆಗೂ ಒಂದೊಂದು ನಮೂನೆ ತುಂಬುವುದು, ಅದರಿಂದ ತಿಳಿದದ್ದನ್ನು ತರಬೇತಿಗಳಲ್ಲಿ ಪಾಠ ಮಾಡುವುದು ನನ್ನ ಕೆಲಸ. ಈ ಕೆಲಸ ಕಲಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲ ದಿನದ ಸುದ್ದಿಯನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ

2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋವೊಂದಕ್ಕೆ ಬೆಂಕಿ ಹತ್ತಿದಾಗ ಅದು ಆಕಸ್ಮಿಕ ಎಂದೇ ಹಲವರು ತಿಳಿದರು. ಪ್ರಯಾಣಿಕನ ಬಳಿ ಇದ್ದದ್ದು ಕುಕ್ಕರ್ ಬಾಂಬು, ಇದು ಭಯೋತ್ಪಾದಕ ಕೃತ್ಯ ಎಂದು ಮರುದಿನ ಪೊಲೀಸರು ಹೇಳಿದರು. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾದಾಗಲೂ ಮೊದಲು ಹಬ್ಬಿದ್ದು ಸಿಲಿಂಡರ್ ಸಿಡಿದ ಮಾತು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯನ್ನು ನಮ್ಮ ಜಿಲ್ಲೆಯೇ ಕೊಟ್ಟಿದೆ. 2017ರ ಡಿಸೆಂಬರಿನಲ್ಲಿ ಹೊನ್ನಾವರದ ಯುವಕನೊಬ್ಬನ ಶವ ಕೆರೆಯಲ್ಲಿ ಸಿಕ್ಕಿತು. ಅವನನ್ನು ಹಿಂಸಿಸಿ ಕೊಂದಿದ್ದಾರೆ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಕುಮಟಾ ಹೊತ್ತಿ ಉರಿಯಿತು. ಡಿಸೆಂಬರ್ 12ರ ಶಿರಸಿ ಬಂದ್ ಹಿಂಸೆಗೆ ತಿರುಗಿತು. ಇದು ನೀರಿನಲ್ಲಿ ಮುಳುಗಿ ಆದ ಆಕಸ್ಮಿಕ ಸಾವು ಎಂದು ಸಿಬಿಐ ವರದಿ ಸಲ್ಲಿಸಿದ್ದು 2022ರಲ್ಲಿ. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು, ನೆರೆಹೊರೆಯವರ ನಡುವಿನ ಬಿರುಕು ಗಟ್ಟಿಯಾಗಿತ್ತು. ಗೊತ್ತಿರುವುದಿಷ್ಟು, ಗೊತ್ತಿಲ್ಲದ್ದಿಷ್ಟು ಎಂದು ಜಿಲ್ಲಾಡಳಿತ ಕೆಲವೇ ಗಂಟೆಗಳಲ್ಲಿ ಕನ್ನಡದಲ್ಲಿ ಸ್ಪಷ್ಟವಾಗಿ ಹೇಳುವುದು ತಡೆಯುವ ಕೆಲಸದ ಮೊದಲ ಹೆಜ್ಜೆ.

2. ಎಣಿಸುವ ಮೊದಲು ಏನನ್ನು ಎಣಿಸುತ್ತೀರಿ ಎಂದು ಹೇಳಿ

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ‘ಗ್ಲೋಬಲ್ ಟೆರರಿಸಂ ಡೇಟಾಬೇಸ್’ನಲ್ಲಿ 1970ರಿಂದ ಈಚಿನ ಎರಡು ಲಕ್ಷಕ್ಕೂ ಹೆಚ್ಚು ಘಟನೆಗಳಿವೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು, ‘ಇದು ಭಯೋತ್ಪಾದನೆಯೇ ಎಂಬುದರಲ್ಲಿ ಅನುಮಾನವಿದೆ’ ಎಂದು ದಾಖಲಿಸಲು ಇಟ್ಟಿರುವ ಪ್ರತ್ಯೇಕ ಅಂಕಣ. ಅನುಮಾನವನ್ನು ಮುಚ್ಚಿಡದೆ ಬರೆದಿಡುವುದು ಅಧ್ಯಯನದ ಪ್ರಾಮಾಣಿಕತೆ.

ಬಾಂಬನ್ನಷ್ಟೇ ಎಣಿಸಿದರೆ ಬಹಳಷ್ಟು ತಪ್ಪಿಹೋಗುತ್ತದೆ. 2015ರಲ್ಲಿ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಹತ್ಯೆಯಾಯಿತು, 2017ರಲ್ಲಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರದು. ಎರಡಕ್ಕೂ ಬಳಸಿದ್ದು ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಒಬ್ಬರನ್ನು ಕೊಂದು ಸಾವಿರಾರು ಜನರ ಬಾಯಿ ಮುಚ್ಚಿಸುವ ಉದ್ದೇಶವಿದ್ದರೆ ಅದನ್ನು ಯಾವ ಅಂಕಣದಲ್ಲಿ ಬರೆಯಬೇಕು? ಕೊಂದವರು ಯಾರ ಕಡೆಯವರು ಎಂದು ನೋಡಿಕೊಂಡು ಅಂಕಣ ಬದಲಿಸಿದರೆ ಅಂಕಿಅಂಶ ಸುಳ್ಳಾಗುತ್ತದೆ, ಅದರ ಮೇಲೆ ನಿಂತ ನೀತಿಯೂ ಸುಳ್ಳಾಗುತ್ತದೆ.

3. ಬಡತನ, ಜಾತಿ, ಊರು: ಇವು ಉತ್ತರವಲ್ಲ

ಬಡವರೇ ಉಗ್ರರಾಗುತ್ತಾರೆ ಎಂಬ ನಂಬಿಕೆಗೆ ಆಧಾರ ಸಾಲದು ಎಂದು ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ 2007ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಅದಕ್ಕೂ ಮೊದಲು, 2004ರಲ್ಲಿ, ಮನೋವೈದ್ಯ ಮಾರ್ಕ್ ಸೇಜ್‌ಮನ್ 172 ಉಗ್ರರ ಜೀವನವಿವರ ಕಲೆಹಾಕಿದ್ದರು. ಅವರಲ್ಲಿ ಹೆಚ್ಚಿನವರು ಆ ದಾರಿ ಹಿಡಿದದ್ದು ಸ್ನೇಹ ಮತ್ತು ನೆಂಟಸ್ತಿಕೆಯ ಮೂಲಕ. ಯಾರೋ ಅಪರಿಚಿತ ಬಂದು ತಲೆ ಕೆಡಿಸಿದ್ದಕ್ಕಿಂತ ಜೊತೆಗಾರರ ಸಣ್ಣ ಗುಂಪು ಒಟ್ಟಿಗೇ ಜಾರಿದ್ದೇ ಹೆಚ್ಚು.

ಭಟ್ಕಳವನ್ನು ಹೀಗೆ ನೋಡಬೇಕು. ಇಂಡಿಯನ್ ಮುಜಾಹಿದೀನ್‌ನ (ಸರಣಿ ಸ್ಫೋಟಗಳ ಆರೋಪ ಹೊತ್ತ ಉಗ್ರ ಸಂಘಟನೆ) ಕೆಲವರ ಹೆಸರಿನ ಜೊತೆ ಆ ಊರು ಅಂಟಿಕೊಂಡಿತು. ಆ ಕೆಲವರ ಕೃತ್ಯದ ಕಳಂಕವನ್ನು ವ್ಯಾಪಾರ, ಓದು, ದುಡಿಮೆಯ ಸಾವಿರಾರು ಮನೆಗಳು ಹೊತ್ತವು. ಅಲ್ಲಿಯ ಹುಡುಗನಿಗೆ ಬೇರೆ ಊರಿನಲ್ಲಿ ಬಾಡಿಗೆ ಕೋಣೆ ಸಿಗದಿದ್ದರೆ ಅದರಿಂದ ಯಾರ ಭದ್ರತೆಯೂ ಹೆಚ್ಚುವುದಿಲ್ಲ. ಪೊಲೀಸರಿಗೆ ಸುಳಿವು ಕೊಡಬಲ್ಲವರ ವಿಶ್ವಾಸ ಮಾತ್ರ ಕಳೆದುಹೋಗುತ್ತದೆ.

4. ಮೊದಲು ಗೊತ್ತಾಗುವುದು ಮನೆಯವರಿಗೆ

ಒಂಟಿಯಾಗಿ ದಾಳಿಗೆ ಇಳಿದ 119 ಮಂದಿಯ ಬಗ್ಗೆ ಪಾಲ್ ಗಿಲ್ ಮತ್ತು ಸಂಗಡಿಗರು 2014ರಲ್ಲಿ ಅಧ್ಯಯನ ಪ್ರಕಟಿಸಿದರು. ಸುಮಾರು ಶೇ 64ರಷ್ಟು ಪ್ರಕರಣಗಳಲ್ಲಿ ಆತನ ಉದ್ದೇಶ ಮನೆಯವರಿಗೋ ಗೆಳೆಯರಿಗೋ ಮೊದಲೇ ತಿಳಿದಿತ್ತು. ತರಬೇತಿಗಳಲ್ಲಿ ನಾನು ಅತಿ ಹೆಚ್ಚು ಸಮಯ ಕೊಡುವುದು ಈ ಒಂದು ಸಂಗತಿಗೆ.

ಗೊತ್ತಿದ್ದವರು ಯಾಕೆ ಹೇಳಲಿಲ್ಲ? ಒಮ್ಮೆ ತರಬೇತಿಗೆ ಬಂದಿದ್ದ ಹಿರಿಯ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಎದ್ದು ನಿಂತು ಹೇಳಿದರು: ‘ಸಾರ್, ತಾಯಿ ಠಾಣೆ ಮೆಟ್ಟಿಲು ಹತ್ತಿದರೆ ಮಗನ ಮೇಲೆ ಕೇಸು ಬೀಳ್ತದೆ ಅಂತ ಊರಿಗೆಲ್ಲ ಗೊತ್ತು. ಮತ್ತೆ ಯಾಕೆ ಬರ್ತಾಳೆ?’ ನೀತಿ ಮಾಡುವವರು ಉತ್ತರಿಸಬೇಕಾದದ್ದು ಈ ಪ್ರಶ್ನೆಗೆ. ನಮ್ಮ ಕಡೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮೊದಲು. ಕಾಯಿ ಉದುರತೊಡಗಿದ ಮೇಲೆ ಹೊಡೆದರೆ ಫಲವಿಲ್ಲ. ಹಾಗೆಯೇ ಹುಡುಗ ಇನ್ನೂ ಅಪರಾಧ ಮಾಡಿಲ್ಲದ ಹಂತದಲ್ಲಿ ತಾಯಿಯೊಬ್ಬಳು ಧೈರ್ಯವಾಗಿ ಹೋಗಿ ಹೇಳಿಕೊಳ್ಳಬಲ್ಲ ಜಾಗ ಬೇಕು. ಅದು ಶಾಲೆಯ ಮೇಷ್ಟ್ರಾಗಬಹುದು, ಆಪ್ತ ಸಮಾಲೋಚಕರಾಗಬಹುದು, ಮಸೀದಿಯ ಅಥವಾ ದೇವಸ್ಥಾನದ ಹಿರಿಯರಾಗಬಹುದು. 2025ರಲ್ಲಿ ರಾಜ್ಯದಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ ಯೋಜನೆ ಇಂಥ ವಿಶ್ವಾಸ ಬೆಳೆಸಿದರೆ ಸಾರ್ಥಕ. ಬರೀ ವಿಳಾಸ, ಫೋನ್ ನಂಬರು ಬರೆದುಕೊಂಡು ಹೋಗುವ ಕೆಲಸವಾದರೆ ಏನೂ ಆಗದು.

5. ಹಿಂದಿರುಗುವ ಬಾಗಿಲು ತೆರೆದಿರಲಿ

1968ರಿಂದ 2006ರವರೆಗಿನ 648 ಉಗ್ರ ಸಂಘಟನೆಗಳನ್ನು ಅಮೆರಿಕದ ರಾಂಡ್ ಸಂಸ್ಥೆ ಅಧ್ಯಯನ ಮಾಡಿ 2008ರಲ್ಲಿ ವರದಿ ಕೊಟ್ಟಿತು. ಕೊನೆಗೊಂಡ ಸಂಘಟನೆಗಳಲ್ಲಿ ಶೇ 43ರಷ್ಟು ರಾಜಕೀಯ ಪ್ರಕ್ರಿಯೆಗೆ ಬಂದು ಶಸ್ತ್ರ ಬಿಟ್ಟಿದ್ದವು. ಶೇ 40ರಷ್ಟನ್ನು ಪೊಲೀಸ್ ಮತ್ತು ಗುಪ್ತಚರ ಕೆಲಸ ಮುಗಿಸಿತ್ತು. ಸೇನಾಬಲದಿಂದ ಮುಗಿದದ್ದು ಶೇ 7 ಮಾತ್ರ.

ಮಲೆನಾಡಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುತ್ತಾರೆಂಬ ಆತಂಕ ನಕ್ಸಲರಿಗೆ ನೆಲೆ ಕೊಟ್ಟಿತು. 2005ರ ಫೆಬ್ರುವರಿ 6ರಂದು ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದ. ವಾರದೊಳಗೆ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸರ ಹೆಣ ಬಿದ್ದವು. ಗುಂಡಿಗೆ ಗುಂಡು ಎಂಬ ಲೆಕ್ಕ ಮುಗಿಯುವಂಥದ್ದಲ್ಲ. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ಗೌರಿ ಲಂಕೇಶ್ ಮೊದಲಾದವರಿದ್ದ ನಾಗರಿಕ ವೇದಿಕೆಯ ಪ್ರಯತ್ನದಿಂದ 2014ರ ಡಿಸೆಂಬರಿನಲ್ಲಿ ನಕ್ಸಲರಾಗಿದ್ದ ಸಿರಿಮನೆ ನಾಗರಾಜ್ ಮತ್ತು ನೂರ್ ಜುಲ್ಫಿಕರ್ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಬಂದರು. 2024ರ ನವೆಂಬರಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಎನ್‌ಕೌಂಟರಿನಲ್ಲಿ ಸತ್ತ. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದರು. ಪೊಲೀಸರ ಒತ್ತಡವೂ ಇತ್ತು, ಬಾಗಿಲೂ ತೆರೆದಿತ್ತು. ಎರಡರಲ್ಲಿ ಒಂದನ್ನೇ ಹಿಡಿದು ಗೆದ್ದೆವೆಂದು ಹೇಳುವವರ ಮಾತನ್ನು ದಾಖಲೆ ಒಪ್ಪುವುದಿಲ್ಲ. ಅರಣ್ಯಭೂಮಿಯ ಹಕ್ಕಿನ ಅರ್ಜಿಗಳು ಇಂದಿಗೂ ಇತ್ಯರ್ಥವಾಗದೆ ಉಳಿದಿರುವ ನಮ್ಮ ಸೀಮೆಗೆ ಇದು ಹಳೆಯ ಕತೆಯೂ ಅಲ್ಲ.

6. ಕೋರ್ಟಿನಲ್ಲಿ ನಿಲ್ಲಬೇಕು, ಲೆಕ್ಕಕ್ಕೆ ಸಿಗಬೇಕು

2008ರಲ್ಲಿ ದೊಡ್ಡ ಸುದ್ದಿಯಾದ ಹುಬ್ಬಳ್ಳಿಯ, ನಿಷೇಧಿತ ಸಿಮಿ ಸಂಘಟನೆಯ ಹೆಸರಿನ ಪ್ರಕರಣದಲ್ಲಿ 17 ಆರೋಪಿಗಳನ್ನೂ 2015ರಲ್ಲಿ ನ್ಯಾಯಾಲಯ ಖುಲಾಸೆ ಮಾಡಿತು. ಆದರೆ 2013ರ ಹೈದರಾಬಾದಿನ ದಿಲ್‌ಸುಖ್‌ನಗರ ಸ್ಫೋಟದ ಪ್ರಕರಣದಲ್ಲಿ ಇಂಡಿಯನ್ ಮುಜಾಹಿದೀನ್ ಸಂಘಟನೆಯ ಯಾಸಿನ್ ಭಟ್ಕಳ ಸೇರಿ ಐವರಿಗೆ 2016ರಲ್ಲಿ ಶಿಕ್ಷೆಯಾಯಿತು. 2025ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಂಧನದ ದಿನದ ಫೋಟೋದಿಂದ ಯಾವ ತನಿಖೆಯ ಬೆಲೆಯೂ ತಿಳಿಯದು, ತೀರ್ಪಿನಿಂದ ತಿಳಿಯುತ್ತದೆ.

ಯೋಜನೆಗಳಿಗೂ ಇದೇ ಮಾತು. 2006ರಲ್ಲಿ ಸಿಂಥಿಯಾ ಲಮ್ ಮತ್ತು ಸಂಗಡಿಗರು ಭಯೋತ್ಪಾದನೆ ಕುರಿತ 20,000ಕ್ಕೂ ಹೆಚ್ಚು ಬರಹಗಳನ್ನು ಜಾಲಾಡಿದಾಗ, ತಡೆಕ್ರಮಗಳ ಫಲವನ್ನು ಗಟ್ಟಿಯಾಗಿ ಅಳೆದ ಅಧ್ಯಯನಗಳು ಏಳೇ ಏಳು ಸಿಕ್ಕವು. ವಿಮಾನ ನಿಲ್ದಾಣದ ಲೋಹಶೋಧಕಗಳು ಅಪಹರಣ ಇಳಿಸಿದ್ದು ನಿಜ, ಆದರೆ ಬೇರೆ ಬಗೆಯ ದಾಳಿ ಹೆಚ್ಚಿದ ಲಕ್ಷಣವೂ ಅವರಿಗೆ ಕಂಡಿತು.

ಆದ್ದರಿಂದ ಸರ್ಕಾರಕ್ಕೆ ನನ್ನ ಕೋರಿಕೆ ಎರಡು. ಇಂಥ ಪ್ರತಿ ಪ್ರಕರಣದ ತೀರ್ಪಿನ ಸಾರವನ್ನು, ಶಿಕ್ಷೆಯಾಗಲಿ ಖುಲಾಸೆಯಾಗಲಿ, ಕನ್ನಡದಲ್ಲಿ ಜನರ ಕೈಗೆ ಕೊಡಿ. ಪ್ರತಿ ಭದ್ರತಾ ಯೋಜನೆಗೂ ಮೂರು ವರ್ಷಕ್ಕೊಮ್ಮೆ ಹೊರಗಿನ ಸಂಶೋಧಕರಿಂದ ಮೌಲ್ಯಮಾಪನ ಮಾಡಿಸಿ. ನಿಜವನ್ನು ತಿಳಿಸಿದ ಸರ್ಕಾರವನ್ನು ಜನ ನಂಬುತ್ತಾರೆ, ನಂಬಿದ ಜನ ಕಂಡದ್ದನ್ನು ಸಕಾಲದಲ್ಲಿ ಹೇಳುತ್ತಾರೆ.