ಸಿಇಟಿ, ನೀಟ್, ಜೆಇಇ: ಬರೆಯುವವರಿಗೂ ಮತ್ತೆ ಬರೆಯುವವರಿಗೂ ಸೂಚನೆ

ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳು ಮತ್ತು ಪೋಷಕರ ಗಮನಕ್ಕೆ. ಪಿಯುಸಿಯಲ್ಲಿ ಎಷ್ಟೇ ಅಂಕ ಬಂದಿರಲಿ, ರ‍್ಯಾಂಕ್ ಇಲ್ಲದವರಿಗೆ ಸರ್ಕಾರಿ ಕೋಟಾದ ಎಂಜಿನಿಯರಿಂಗ್, ವೈದ್ಯಕೀಯ ಸೀಟು ಇಲ್ಲ. ಮೊದಲ ಸಲ ಎಲ್ಲರೂ ಬರೆಯಲೇಬೇಕು. ಎರಡನೇ ಸಲ ಬರೆಯುವುದನ್ನು ಲೆಕ್ಕ ಹಾಕಿ ತೀರ್ಮಾನಿಸಬೇಕು.

ಮಾಡಬೇಕಾದ್ದು

1. ನೀಟ್ ನೆಚ್ಚಿಕೊಂಡವರೂ ಸಿಇಟಿಗೆ ಅರ್ಜಿ ಹಾಕಿ. ಕೃಷಿ, ಪಶುವೈದ್ಯ, ಫಾರ್ಮಸಿ, ಬಿಎಸ್ಸಿ ನರ್ಸಿಂಗ್ ಸೀಟುಗಳಿಗೆ ಸಿಇಟಿಯೇ ದಾರಿ. ರಾಜ್ಯ ಕೋಟಾದ ವೈದ್ಯಕೀಯ ಸೀಟು ಹಂಚುವುದೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ). ಅಲ್ಲಿ ನೋಂದಾಯಿಸದೆ ನೀಟ್ ರ‍್ಯಾಂಕ್ ಮಾತ್ರ ಇದ್ದರೆ ಸಾಲದು.

2. ಎಂಜಿನಿಯರಿಂಗ್ ರ‍್ಯಾಂಕಿನ ಲೆಕ್ಕ ಕಲಿಯಿರಿ. ಪಿಯು ಪಿಸಿಎಂ ಅಂಕಕ್ಕೆ ಅರ್ಧ, ಸಿಇಟಿಗೆ ಅರ್ಧ ತೂಕ. ಪಿಯುನಲ್ಲಿ ಶೇ 90, ಸಿಇಟಿಯಲ್ಲಿ 180ಕ್ಕೆ 90 ಬಂದವರ ಮೊತ್ತ 70. ವಿಷಯಕ್ಕೆ ಹನ್ನೆರಡರಂತೆ 36 ಅಂಕ ಹೆಚ್ಚಿದರೆ ಅದೇ ಮೊತ್ತ 80. ಮತ್ತೆ ಬರೆಯುವವರಿಗೆ ಲಾಭ ಇರುವುದು ಇಲ್ಲಿ.

3. ಜೆಇಇ ಮೇನ್‌ನ ಜನವರಿ, ಏಪ್ರಿಲ್ ಎರಡೂ ಸೆಷನ್ ಬರೆಯಿರಿ. ಎರಡರಲ್ಲಿ ಉತ್ತಮವಾದದ್ದೇ ಲೆಕ್ಕಕ್ಕೆ. ಎರಡನೆಯದು ಕೆಟ್ಟರೂ ಮೊದಲನೆಯದಕ್ಕೆ ಧಕ್ಕೆಯಿಲ್ಲ.

4. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ. ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ನೀಟ್‌ನಲ್ಲಿ ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಅಲ್ಲಿ ಕಣ್ಣುಮುಚ್ಚಿ ಗುರುತು ಹಾಕಬೇಡಿ.

5. ಒಂದು ಪ್ರಶ್ನೆ ದಾಟಿದಾಗ ಓಎಂಆರ್‌ನಲ್ಲೂ ಆ ಸಾಲು ದಾಟಿ. 23ನ್ನು ಬಿಟ್ಟು 24ರ ಉತ್ತರವನ್ನು 23ರ ಎದುರು ತುಂಬಿದರೆ ಅಲ್ಲಿಂದ ಕೆಳಗಿನದೆಲ್ಲ ತಪ್ಪು. ಪ್ರತಿ ಹತ್ತು ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ನೋಡಿ.

6. ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿ ಕೇಳುವವರು ವ್ಯಾಸಂಗ ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿ. ಹೊರನಾಡು, ಗಡಿನಾಡು ಕನ್ನಡಿಗರು ಆ ವರ್ಗದಲ್ಲಿ ಅರ್ಹರಾಗಲು ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು; 50ಕ್ಕೆ ಕನಿಷ್ಠ 12 ಬೇಕು.

ಮಾಡಬಾರದ್ದು

1. "ಮುಂದಿನ ವರ್ಷ ಹೇಗೂ ಬರೀತೀನಿ" ಎಂದು ಈ ವರ್ಷದ ಪರೀಕ್ಷೆ ತಪ್ಪಿಸಬೇಡಿ. ಎಲ್ಲಿ ಹಿಂದಿದ್ದೀರಿ ಎಂದು ತೋರಿಸುವುದು ಆ ಅಂಕಪಟ್ಟಿಯೇ.

2. ಎಲ್ಲ ಪರೀಕ್ಷೆಗೂ ಒಂದೇ ನಿಯಮ ಎಂದುಕೊಳ್ಳಬೇಡಿ. ನೀಟ್ ಎಷ್ಟು ಸಲವಾದರೂ ಬರೆಯಬಹುದು. ಜೆಇಇ ಮೇನ್‌ಗೆ ಸತತ ಮೂರು ವರ್ಷ ಮಾತ್ರ. ಅಡ್ವಾನ್ಸ್ಡ್‌ಗೆ ಸತತ ಎರಡು ವರ್ಷದಲ್ಲಿ ಎರಡೇ ಅವಕಾಶ.

3. ಗೆಳೆಯರು ಸೇರಿದರೆಂದು ಲಾಂಗ್ ಟರ್ಮ್ ಕೋಚಿಂಗಿಗೆ ಸೇರಬೇಡಿ. ಕಾಯಿಲೆ, ಸಮಯ ಸಾಲದಿದ್ದುದು, ಒಂದು ವಿಷಯದಲ್ಲಿ ಹಿಂದುಳಿದದ್ದು: ಅಂಕ ಕಡಿಮೆಯಾಗಲು ಇವು ಸರಿಪಡಿಸಬಹುದಾದ ಕಾರಣಗಳು. ಓದಲು ಮನಸ್ಸೇ ಇಲ್ಲದಿದ್ದರೆ ಇನ್ನೊಂದು ವರ್ಷ ಕೊಟ್ಟರೂ ಫಲವಿಲ್ಲ.

4. ಹಂಚಿಕೆಯಾದ ಸೀಟನ್ನು ದುಡುಕಿ ಬಿಡಬೇಡಿ. ಶುಲ್ಕ ಮತ್ತು ಮೂಲ ದಾಖಲೆ ವಾಪಸಿನ ನಿಯಮ ಓದಿ, ಮನೆಯವರೊಂದಿಗೆ ಮಾತಾಡಿ, ಆಮೇಲೆ ಚಾಯ್ಸ್ ಒತ್ತಿ.

5. ಪೋಷಕರೇ, ಸಾಲ ಮಾಡಿ ಕೋಚಿಂಗ್ ಫೀಸು ಕಟ್ಟುವ ಮುನ್ನ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಮತ್ತೆ ಬರೆಯುವ ಮನಸ್ಸಿದೆಯೇ ಎಂದು ಕೇಳಿ. "ಸಂಬಂಧಿಕರು ಏನಂದಾರು" ಎಂಬುದು ಮತ್ತೆ ಬರೆಸಲು ಕಾರಣವಲ್ಲ.

6. ಲಾಗಿನ್, ಪಾಸ್‌ವರ್ಡ್, ಒಟಿಪಿಯನ್ನು ಸೈಬರ್ ಸೆಂಟರಿನವರಿಗೆ ಒಪ್ಪಿಸಿ ಬರಬೇಡಿ. ಆಪ್ಷನ್ ಎಂಟ್ರಿಯನ್ನು ನೀವೇ ಮಾಡಿ.

ಮತ್ತೆ ಬರೆಯಬಯಸುವವರು ಈ ಸಲದ ಅಂಕ, ಕಡಿಮೆಯಾದ ವಿಷಯ ಮತ್ತು ಅದಕ್ಕೆ ಕಾರಣ, ಈಗ ಕೈಯಲ್ಲಿರುವ ಸೀಟು, ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಪೋಷಕರೊಂದಿಗೆ ಉಪನ್ಯಾಸಕರನ್ನು ಕಾಣತಕ್ಕದ್ದು. ಕಾರಣದ ಜಾಗ ಖಾಲಿ ಉಳಿದಿದ್ದರೆ ಕೈಯಲ್ಲಿರುವ ಸೀಟಿಗೇ ಸೇರಿ.